ಹಳೆಯ ಮೇಜು-ಕುರ್ಚಿಗೆ ಹೊಸ ರೂಪ: ಬಣ್ಣದ ಡಬ್ಬಿ ತೆರೆಯುವ ಮೊದಲು, ತೆರೆದ ಮೇಲೆ

ಮೇಜಿಗೆ ಬಣ್ಣ ಬಳಿದು ಮೂರು ತಿಂಗಳಾಗಿರುವುದಿಲ್ಲ, ಅಂಚಿಗೆ ಉಗುರು ತಾಗಿದರೆ ಸಾಕು, ಪದರ ಸಿಪ್ಪೆಯಂತೆ ಎದ್ದು ಬರುತ್ತದೆ. ಬೈಸಿಕೊಳ್ಳುವುದು ಬಣ್ಣ. ಕೆಳಗೆ ಉಳಿದುಹೋದ ಎಣ್ಣೆ ಜಿಡ್ಡು, ಉಜ್ಜದೆ ಬಿಟ್ಟ ಹಳೆಯ ಪಾಲಿಶ್, ಅಲುಗಾಡುತ್ತಿದ್ದ ಕೀಲು ಇವುಗಳ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಒಂದು ಊಟದ ಮೇಜನ್ನು ಹೊಸದಾಗಿಸಲು ನಾಲ್ಕೈದು ದಿನ ಹಿಡಿದರೆ, ಬ್ರಷ್ ಕೈಯಲ್ಲಿರುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ಉಳಿದ ಹೊತ್ತೆಲ್ಲ ಬಿಚ್ಚುವುದು, ತೊಳೆಯುವುದು, ಅಂಟಿಸುವುದು, ಉಜ್ಜುವುದು, ಒಣಗಲು ಬಿಟ್ಟು ಕಾಯುವುದು. ಹಾಗಾಗಿ ಇಲ್ಲಿಯೂ ಹೆಚ್ಚು ಜಾಗ ಆ ಕೆಲಸಗಳಿಗೇ.

ಮೊದಲು ವಸ್ತು ಯಾವುದೆಂದು ತಿಳಿಯಿರಿ

ಮೇಜಿನ ಹಲಗೆಯ ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಮೇಲ್ಮೈಯ ಎಳೆಗಳು ಅಂಚಿನಲ್ಲೂ ಮುಂದುವರಿದು, ತುದಿಯಲ್ಲಿ ಮರದ ಉಂಗುರಗಳ ಕಮಾನು ಕಂಡರೆ ಅದು ಗಟ್ಟಿ ಮರ. ಕಾಗದದಷ್ಟು ತೆಳ್ಳನೆಯ ಮರದ ಹಾಳೆ ಬೇರೊಂದು ಹಲಗೆಯ ಮೇಲೆ ಕೂತಿರುವುದು ಕಂಡರೆ ವೆನೀರ್. ಬೆರಳಿಗೆ ಪ್ಲಾಸ್ಟಿಕ್ಕಿನ ತಣ್ಣನೆ ನುಣುಪು ಸಿಕ್ಕಿ, ಎಳೆಗಳ ವಿನ್ಯಾಸ ಅಚ್ಚು ಹಾಕಿದಂತೆ ಮತ್ತೆ ಮತ್ತೆ ಬರುತ್ತಿದ್ದರೆ ಲ್ಯಾಮಿನೇಟ್. ಈ ಮೂರಕ್ಕೂ ದಾರಿ ಬೇರೆ ಬೇರೆ. ಗಟ್ಟಿ ಮರವನ್ನು ಧೈರ್ಯವಾಗಿ ಉಜ್ಜಬಹುದು. ಇತ್ತೀಚಿನ ವೆನೀರ್‌ನ ದಪ್ಪ ಸಾಮಾನ್ಯವಾಗಿ 0.6 ಮಿ.ಮೀ. ಆಸುಪಾಸು; ಯಂತ್ರ ಹಿಡಿದು ಒಂದೇ ಕಡೆ ಅರ್ಧ ನಿಮಿಷ ನಿಂತರೆ ಕೆಳಗಿನ ಪ್ಲೈವುಡ್ ಇಣುಕುತ್ತದೆ, ಆಮೇಲೆ ಅದನ್ನು ಮುಚ್ಚಲು ಬಣ್ಣವೊಂದೇ ಗತಿ. ಲ್ಯಾಮಿನೇಟನ್ನು ಉಜ್ಜಿ ಮರ ಕಾಣಿಸುವ ಮಾತೇ ಇಲ್ಲ, ಅಲ್ಲಿ ಮರವೇ ಇಲ್ಲ.

ಆಮೇಲೆ ಮೇಜನ್ನು ಬೋರಲು ಹಾಕಿ, ಟಾರ್ಚ್ ಹಿಡಿದು ಕೆಳಗಿನ ಚೌಕಟ್ಟು ನೋಡಿ. ಗುಂಡುಸೂಜಿಯ ತಲೆಯಷ್ಟು ತೂತುಗಳೂ ಅವುಗಳ ಕೆಳಗೆ ನುಣ್ಣನೆಯ ಹಿಟ್ಟೂ ಇದ್ದರೆ ಮರ ಕೊರೆಯುವ ಹುಳು ಒಳಗಿದೆ. ತೂತಿದ್ದ ಮಾತ್ರಕ್ಕೆ ಹುಳು ಬದುಕಿದೆ ಎಂದಲ್ಲ. ಕೆಳಗೆ ಕಪ್ಪು ಕಾಗದ ಹಾಸಿ ವಾರ ಬಿಟ್ಟು ನೋಡಿ. ಹೊಸ ಹಿಟ್ಟು ಬಿದ್ದಿದ್ದರೆ ಮೊದಲು ಹುಳುವಿನ ಔಷಧಿ, ಆಮೇಲೆ ಉಳಿದದ್ದು. ಬೋರೇಟ್ ಔಷಧಿ ಬರಿ ಮರಕ್ಕೆ ಮಾತ್ರ ಇಳಿಯುತ್ತದೆ, ಪಾಲಿಶ್ ಇರುವ ಜಾಗದಲ್ಲಿ ಮೇಲೆಯೇ ಉಳಿದು ವ್ಯರ್ಥವಾಗುತ್ತದೆ. ಆದ್ದರಿಂದ ಪದರ ತೆಗೆದ ಮೇಲೆ ಹಚ್ಚಬೇಕು. ಇದನ್ನು ಬಿಟ್ಟು ಬಣ್ಣಕ್ಕೆ ಕೈ ಹಾಕಿದರೆ ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಯನ್ನು ಅಕ್ಷರಶಃ ಮನೆಯಲ್ಲಿಟ್ಟುಕೊಂಡಂತೆ.

ಮೇಲಿರುವ ಹಳೆಯ ಪದರ ಯಾವುದೆಂದು ತಿಳಿಯಲು ಎರಡು ಹತ್ತಿಯುಂಡೆ ಸಾಕು. ಕಣ್ಣಿಗೆ ಬೀಳದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಪದರ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನ ಪಾಲಿಶ್. ಏನೂ ಆಗದಿದ್ದರೆ ಪಕ್ಕದ ಜಾಗದಲ್ಲಿ ಲ್ಯಾಕರ್ ಥಿನ್ನರ್ ಹಚ್ಚಿ ನೋಡಿ, ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ವಾರ್ನಿಶ್ ಅಥವಾ ಪಾಲಿಯುರೆಥೇನ್. ಈ ಕ್ರಮ ತಪ್ಪಿಸಬೇಡಿ. ಥಿನ್ನರನ್ನೇ ಮೊದಲು ಹಚ್ಚಿದರೆ ಅದು ಅರಗನ್ನೂ ಮೆತ್ತಗೆ ಮಾಡಬಹುದು, ಯಾವುದೆಂದು ಗೊತ್ತಾಗುವುದಿಲ್ಲ. ಅರಗಿನ ಪಾಲಿಶ್ ಎಂದಾದರೆ ನಿಮ್ಮ ಅರ್ಧ ಶ್ರಮ ಉಳಿಯಿತು: ಸ್ಪಿರಿಟ್ ಮತ್ತು ಒರಟು ಬಟ್ಟೆಯಲ್ಲೇ ಒರೆಸಿ ತೆಗೆಯಬಹುದು, ಸ್ಯಾಂಡ್‌ಪೇಪರ್ ಹಾಳು ಮಾಡಬೇಕಿಲ್ಲ.

ಹಲವು ದಶಕಗಳ ಹಿಂದಿನ ಬಣ್ಣ ಬಳಿದ ಸಾಮಾನಾದರೆ ಅದರಲ್ಲಿ ಸೀಸ ಇರಬಹುದು. ಸೀಸದ ಬಣ್ಣವನ್ನು ಒಣಗಿದ್ದಾಗ ಉಜ್ಜುವುದು, ಬಿಸಿಗಾಳಿಯಿಂದ ಸುಡುವುದು ಎರಡೂ ಅಪಾಯ. ದೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು ಮಾಡುತ್ತದೆ. ಬಣ್ಣಕ್ಕೆ ತಾಗಿಸಿ ನೋಡುವ ಪರೀಕ್ಷಾ ಕಡ್ಡಿಗಳು ಸಿಗುತ್ತವೆ. ಸೀಸ ಇದೆ ಎಂದಾದರೆ, ಗಟ್ಟಿಯಾಗಿ ಕೂತಿರುವ ಬಣ್ಣವನ್ನು ಕೆದಕದೆ ಮೇಲೆಯೇ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಹಚ್ಚಿ ಮುಚ್ಚುವುದು ಜಾಣತನ. ಮಗುವಿನ ತೊಟ್ಟಿಲು ಅಥವಾ ಮಂಚವಾದರೆ ಆ ಮುಚ್ಚುವ ದಾರಿಯೂ ಬೇಡ, ಮಕ್ಕಳು ಅಂಚನ್ನು ಕಚ್ಚುತ್ತಾರೆ.

ಬಿಚ್ಚುವುದು, ತೊಳೆಯುವುದು

ಬಿಚ್ಚುವ ಮೊದಲು ನಾಲ್ಕು ದಿಕ್ಕಿನಿಂದ ಫೋಟೊ ತೆಗೆದುಕೊಳ್ಳಿ. ಬಾಗಿಲು, ಡ್ರಾಯರ್, ಕಾಲು ಪ್ರತಿಯೊಂದರ ಒಳಬದಿಯಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ ಸಂಖ್ಯೆ ಬರೆಯಿರಿ. ಒಂದೇ ಅಳತೆಯ ಎರಡು ಬಾಗಿಲುಗಳೂ ಅದಲುಬದಲಾದರೆ ಬಿಜಾಗ್ರಿ ತೂತು ಕೂಡುವುದಿಲ್ಲ. ಸ್ಕ್ರೂಗಳನ್ನು ಆಯಾ ಭಾಗದ ಹೆಸರು ಬರೆದ ಚೀಲದಲ್ಲಿ ಹಾಕಿ. ಹಿಡಿ, ಚಿಲಕ, ಬಿಜಾಗ್ರಿಗಳನ್ನು ಕಳಚದೆ ಸುತ್ತ ಟೇಪ್ ಹಚ್ಚಿ ಬಣ್ಣ ಬಳಿದರೆ ಉಳಿಯುವುದು ಹತ್ತು ನಿಮಿಷ. ಆ ಅಂಚಿನಿಂದಲೇ ಬಣ್ಣ ಸುಲಿಯಲು ಶುರುವಾಗುತ್ತದೆ.

ತೊಳೆಯುವ ಕೆಲಸ ಉಜ್ಜುವುದಕ್ಕಿಂತ ಮೊದಲು ಬರಬೇಕು. ಜಿಡ್ಡಿನ ಮೇಲೆ ಸ್ಯಾಂಡ್‌ಪೇಪರ್ ಎಳೆದರೆ ಜಿಡ್ಡು ಹೋಗುವುದಿಲ್ಲ, ಮರದ ಗೀರುಗಳೊಳಗೆ ಒತ್ತಿಕೊಳ್ಳುತ್ತದೆ. ಒಂದು ಬಕೆಟ್ ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಚಮಚ ಹಾಕಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ. ಕೈ ತಾಗುವ ಜಾಗ, ಅಂದರೆ ಕುರ್ಚಿಯ ಬೆನ್ನಿನ ಮೇಲಂಚು, ಡ್ರಾಯರ್ ಹಿಡಿಯ ಸುತ್ತ, ಮೇಜಿನ ಮುಂದಂಚು, ಇವನ್ನು ಎರಡೆರಡು ಸಲ ಒರೆಸಿ. ಬಳಿಕ ಬರಿ ನೀರಿನ ಬಟ್ಟೆ. ಹಿಂದೆ ಮೇಣದ ಅಥವಾ ಸಿಲಿಕೋನ್ ಇರುವ ಪಾಲಿಶ್ ಬಳಸಿದ ಗುಮಾನಿ ಇದ್ದರೆ ಮಿನರಲ್ ಟರ್ಪೆಂಟೈನ್‌ನಲ್ಲಿ ಇನ್ನೊಂದು ಸಲ ಒರೆಸಬೇಕು. ಸಿಲಿಕೋನ್ ಉಳಿದರೆ ವಾರ್ನಿಶ್ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಂಡು ಗುಳಿಗಳು ಏಳುತ್ತವೆ. ಆಗ ಮೇಲೆ ಮೇಲೆ ಪದರ ಹಚ್ಚಿದರೂ ಅವು ಮುಚ್ಚುವುದಿಲ್ಲ.

ಸಡಿಲ ಕೀಲು: ಹಳೆಯ ಅಂಟನ್ನು ಬಿಡಬೇಡಿ

ಕುರ್ಚಿಯ ಎದುರುಬದುರಿನ ಎರಡು ಮೂಲೆ ಹಿಡಿದು ಅಲ್ಲಾಡಿಸಿ. ಕಿರ್ ಎಂದರೆ ಎಲ್ಲೋ ಕೀಲು ಬಿಟ್ಟಿದೆ. ಅಂಟನ್ನು ಸಂದಿಗೆ ಹಿಂಡಿ, ಹಗ್ಗ ಬಿಗಿದು ಬಿಡುವುದು ಎಲ್ಲರೂ ಮಾಡುವ ಕೆಲಸ, ಕೆಲವೇ ತಿಂಗಳಲ್ಲಿ ಮತ್ತೆ ಕಿರುಗುಟ್ಟುವುದೂ ಅದಕ್ಕೇ. ಬಿಳಿ ಪಿವಿಎ ಅಂಟು ಮರದ ನಾರಿನೊಳಗೆ ಇಳಿದು ಹಿಡಿಯುವಂಥದ್ದು. ಒಣಗಿ ಗಾಜಾಗಿರುವ ಹಳೆಯ ಅಂಟಿನ ಮೇಲೆ ಅದಕ್ಕೆ ಹಿಡಿತ ಇಲ್ಲ.

ಕೀಲನ್ನು ಪೂರ್ತಿ ಕಳಚಬೇಕು. ಕೊಡತಿಯಿಂದ, ನಡುವೆ ಒಂದು ಮರದ ತುಂಡು ಇಟ್ಟು, ಮೆಲ್ಲಗೆ ಬಡಿಯುತ್ತ ಬಿಡಿಸಿ. ಒಳಗೆಲ್ಲೋ ಮೊಳೆ ಹೊಡೆದಿದ್ದರೆ ಮೊದಲು ಅದನ್ನು ಕೀಳಿ, ಇಲ್ಲವಾದರೆ ಬಡಿದ ಏಟಿಗೆ ಮರವೇ ಸೀಳುತ್ತದೆ. ಬಿಟ್ಟು ಬರದಿದ್ದರೆ, ತುಂಬ ಹಳೆಯ ಸಾಮಾನುಗಳಲ್ಲಿ ಬಳಸಿರುವ ಪ್ರಾಣಿಜನ್ಯ ಸರೇಸು ಬಿಸಿನೀರಿನ ಬಟ್ಟೆಗೆ ಮೆತ್ತಗಾಗುತ್ತದೆ. ಪಿವಿಎ ಆದರೆ ಬಿಸಿ ಮಾಡಿದ ವಿನೆಗರನ್ನು ಸಂದಿಗೆ ಹನಿ ಹನಿಯಾಗಿ ಬಿಟ್ಟು ಕಾಯಬೇಕು.

ಕಳಚಿದ ಮೇಲೆ ಹತ್ತಿರದಿಂದ ನೋಡಿ. ಅಡ್ಡಪಟ್ಟಿಯ ತುದಿಯಲ್ಲಿರುವ ಮರದ ನಾಲಿಗೆಯ ಮೇಲೆ ಜೇನಿನ ಬಣ್ಣದ, ಹೊಳೆಯುವ ಚಕ್ಕೆಗಳಿರುತ್ತವೆ. ಅದೇ ಸತ್ತ ಅಂಟು. ಉಳಿಯನ್ನು ನೆಟ್ಟಗೆ ಹಿಡಿದು, ಕತ್ತರಿಸದೆ ಕೆರೆಯಿರಿ. ಚಕ್ಕೆ ಪುಡಿಯಾಗಿ ಉದುರಿ ಕೆಳಗೆ ಮಂಕಾದ ಬರಿಮರ ಕಂಡಾಗ ನಿಲ್ಲಿಸಿ. ಇನ್ನೂ ಕೆರೆದರೆ ನಾಲಿಗೆ ಸಣ್ಣದಾಗಿ ಗುಳಿಯಲ್ಲಿ ಸಡಿಲವಾಗುತ್ತದೆ. ಗುಳಿಯ ಒಳಗೋಡೆಗೂ ಇದೇ ಕೆಲಸ. ಅಂಟಿಲ್ಲದೆ ಜೋಡಿಸಿ ನೋಡಿ: ಕೈಯೊತ್ತಡಕ್ಕೆ ಬಿಗಿಯಾಗಿ ಕೂತರೆ ಪಿವಿಎ ಸಾಕು. ತಾನಾಗಿ ಜಾರಿ ಬಿದ್ದರೆ ನಾಲಿಗೆಗೆ ತೆಳ್ಳನೆಯ ಮರದ ಸಿಪ್ಪೆ ಅಂಟಿಸಿ ದಪ್ಪ ಮಾಡಿ, ಅಥವಾ ಎರಡು ಭಾಗ ಬೆರೆಸುವ ಎಪಾಕ್ಸಿ ಬಳಸಿ. ಸಂದು ತುಂಬುವ ಶಕ್ತಿ ಪಿವಿಎಗೆ ಇಲ್ಲ, ಎಪಾಕ್ಸಿಗೆ ಇದೆ.

ಅಂಟನ್ನು ಎರಡೂ ಮುಖಕ್ಕೆ ತೆಳ್ಳಗೆ ಸವರಿ ಕ್ಲ್ಯಾಂಪ್ ಬಿಗಿಯಿರಿ. ಕ್ಲ್ಯಾಂಪ್ ಇಲ್ಲದಿದ್ದರೆ ಹಗ್ಗವನ್ನು ಎರಡು ಸುತ್ತು ಸುತ್ತಿ, ನಡುವೆ ಕೋಲು ತೂರಿಸಿ ತಿರುವಿದರೆ ಅಷ್ಟೇ ಬಿಗಿ ಬರುತ್ತದೆ; ಮೂಲೆಗಳಿಗೆ ರಟ್ಟು ಕೊಡಿ, ಹಗ್ಗದ ಗುರುತು ಬೀಳದಿರಲಿ. ಅಂಚಿನಿಂದ ಸಣ್ಣ ಮಣಿಗಳಂತೆ ಅಂಟು ಹೊರಬಂದರೆ ಪ್ರಮಾಣ ಸರಿ. ಬಿಗಿದ ತಕ್ಷಣ ಆಸನದ ಎರಡೂ ಕರ್ಣಗಳನ್ನು ಅಳೆಯಿರಿ, ಎರಡೂ ಒಂದೇ ಬರಬೇಕು. ಮುಂಭಾಗ ಅಗಲ, ಹಿಂಭಾಗ ಕಿರಿದಾದ ಆಸನಕ್ಕೂ ಈ ಲೆಕ್ಕ ನಡೆಯುತ್ತದೆ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ ತೆಗೆಯಿರಿ, ಇಲ್ಲವಾದರೆ ಆ ಕಲೆಯ ಮೇಲೆ ಸ್ಟೇನ್ (ಎಳೆ ಮುಚ್ಚದೆ ಮರಕ್ಕೆ ಬಣ್ಣ ಕೊಡುವ ದ್ರವ) ಹಿಡಿಯದೆ ಬಿಳಿ ಮಚ್ಚೆ ಉಳಿಯುತ್ತದೆ. ಒಂದು ಗಂಟೆಗೆ ಕ್ಲ್ಯಾಂಪ್ ಬಿಚ್ಚಬಹುದು, ಕೂರುವುದು ಮಾತ್ರ 24 ಗಂಟೆ ಕಳೆದ ಮೇಲೆ.

ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ ಅದಕ್ಕಿಂತ ದಪ್ಪ ಸ್ಕ್ರೂ ಹುಡುಕಬೇಡಿ. ತೂತಿಗೆ ಅಂಟು ಸವರಿದ ಬಿದಿರಿನ ಕಡ್ಡಿಗಳನ್ನು ಬಿಗಿಯಾಗಿ ತುಂಬಿ, ಒಣಗಿದ ಮೇಲೆ ಮಟ್ಟಸವಾಗಿ ಕತ್ತರಿಸಿ, ಹೊಸದಾಗಿ ಸಣ್ಣ ತೂತು ಕೊರೆಯಿರಿ. 4 ಮಿ.ಮೀ. ಸ್ಕ್ರೂಗೆ ಮೆತ್ತನೆ ಮರದಲ್ಲಿ 2.5 ಮಿ.ಮೀ., ಗಡಸು ಮರದಲ್ಲಿ 3 ಮಿ.ಮೀ. ಪಾರ್ಟಿಕಲ್ ಬೋರ್ಡ್ ಕಡ್ಡಿಗೆ ಜಗ್ಗುವುದಿಲ್ಲ. 8 ಅಥವಾ 10 ಮಿ.ಮೀ. ತೂತು ಕೊರೆದು ಗುಂಡು ಗೂಟವನ್ನೇ ಅಂಟಿಸಿ, ಅದರೊಳಗೆ ಸ್ಕ್ರೂ ಕೂರಿಸಬೇಕು.

ತಗ್ಗು, ಕಲೆ, ಬಿರುಕು

ಏಟು ಬಿದ್ದು ತಗ್ಗಾದ ಜಾಗದಲ್ಲಿ ನಾರು ತುಂಡಾಗದೆ ಅದುಮಿಕೊಂಡಿದ್ದರೆ ಪುಟ್ಟಿ ಬೇಕಾಗಿಲ್ಲ. ಬರಿಮರದ ಮೇಲೆ ಒದ್ದೆ ಬಟ್ಟೆಯ ಮಡಿಕೆ ಇಟ್ಟು ಇಸ್ತ್ರಿ ಪೆಟ್ಟಿಗೆಯ ತುದಿಯನ್ನು ಐದಾರು ಸೆಕೆಂಡು ಒತ್ತಿ. ಹಬೆಗೆ ನಾರು ಉಬ್ಬಿ ಮೇಲೇಳುತ್ತದೆ. ನಾಲ್ಕೈದು ಸಲಕ್ಕೆ ಬಹುಪಾಲು ತಗ್ಗು ಮಾಯ. ವೆನೀರ್ ಮೇಲೆ ಈ ಉಪಾಯ ಬೇಡ, ಹಬೆಗೆ ಅದರ ಅಂಟು ಬಿಟ್ಟು ಗುಳ್ಳೆ ಏಳಬಹುದು.

ಲೋಟ ಇಟ್ಟ ಬಿಳಿ ಉಂಗುರ ಮೇಲಿನ ಪದರದಲ್ಲಿ ಮಾತ್ರ ಇರುತ್ತದೆ, ಪದರ ತೆಗೆದರೆ ಅದೂ ಹೋಗುತ್ತದೆ. ಕಪ್ಪು ಕಲೆ ಹಾಗಲ್ಲ. ನೀರಿನೊಂದಿಗೆ ಬಂದ ಕಬ್ಬಿಣದ ಅಂಶ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದ ಜೊತೆ ಸೇರಿ ಶಾಯಿಯಂಥ ಬಣ್ಣವಾಗಿ ಆಳಕ್ಕೆ ಇಳಿದಿರುತ್ತದೆ. ಅದನ್ನು ಉಜ್ಜುತ್ತ ಹೋದರೆ ಗುಂಡಿ ಬೀಳುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಆಕ್ಸಾಲಿಕ್ ಆಮ್ಲದ ಹರಳನ್ನು ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಕರಗಿಸಿ, ಕಲೆಗೆ ಮಾತ್ರವಲ್ಲದೆ ಇಡೀ ಹಲಗೆಗೆ ಸವರಿ. ಬರಿ ಕಲೆಗೆ ಹಚ್ಚಿದರೆ ಕಪ್ಪು ಕಲೆಯ ಜಾಗದಲ್ಲಿ ಬಿಳಿಚಿದ ಕಲೆ ಸಿಗುತ್ತದೆ. ಒಣಗಿದ ಮೇಲೆ ಎರಡು ಮೂರು ಸಲ ನೀರಿನಲ್ಲಿ ಒರೆಸಿ. ಇದು ವಿಷ, ಕೈಗವಸು ಕನ್ನಡಕ ಎರಡೂ ಬೇಕು. ತೊಳೆಯದೆ ಉಳಿದ ಹರಳಿನ ಮೇಲೆ ಉಜ್ಜಿದರೆ ಆ ದೂಳು ಮೂಗು, ಗಂಟಲನ್ನು ಸುಡುತ್ತದೆ.

ಬಿರುಕಿಗೆ ವುಡ್ ಫಿಲ್ಲರ್. 3 ಮಿ.ಮೀ.ಗಿಂತ ಆಳವಿದ್ದರೆ ಒಂದೇ ಸಲ ತುಂಬಬೇಡಿ; ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿದು, ವಾರದ ನಂತರ ಕುಗ್ಗಿ ಗೆರೆ ಕಾಣುತ್ತದೆ. ಪದರ ಪದರವಾಗಿ ತುಂಬಿ, ಕೊನೆಯದನ್ನು ಸ್ವಲ್ಪ ಉಬ್ಬಾಗಿಯೇ ಬಿಡಿ. ಮರ ಕಾಣುವಂತೆ ವಾರ್ನಿಶ್ ಮಾಡುವವರು ಒಂದು ಗಮನಿಸಬೇಕು: ಸ್ಟೇನ್ ಹಿಡಿಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಫಿಲ್ಲರ್ ಮರದಂತೆ ಬಣ್ಣ ಹೀರುವುದಿಲ್ಲ. ದೊಡ್ಡ ಬಿರುಕಿಗೆ ಅದೇ ಜಾತಿಯ ಮರದ ತೆಳುಪಟ್ಟಿ ಸೇರಿಸಿ ಅಂಟಿಸುವುದೇ ಮೇಲು.

ಉಜ್ಜುವ ಕ್ರಮ

ಸ್ಯಾಂಡ್‌ಪೇಪರ್ ಸಂಖ್ಯೆ ದೊಡ್ಡದಾದಷ್ಟೂ ಕಣ ಸಣ್ಣದು. ಗಟ್ಟಿ ಮರದ ಹಳೆಯ ಪದರ ತೆಗೆಯಲು 80, ಅದರ ಗೀರು ಅಳಿಸಲು 120, ಅದರ ಗೀರಿಗೆ 180. ಬಣ್ಣ ಬಳಿಯುವುದಾದರೆ ಅಲ್ಲಿಗೇ ಸಾಕು. ಅದಕ್ಕಿಂತ ನುಣ್ಣಗೆ ಮಾಡಿದರೆ ಪ್ರೈಮರ್‌ಗೆ ಕಚ್ಚಿಕೊಳ್ಳಲು ಜಾಗವಿಲ್ಲ. ಬರಿ ವಾರ್ನಿಶ್ ಆದರೆ 220. ಸ್ಟೇನ್ ಹಚ್ಚುವುದಾದರೆ 180ಕ್ಕೆ ನಿಲ್ಲಿಸಿ, ನುಣುಪು ಹೆಚ್ಚಿದಷ್ಟೂ ಸ್ಟೇನ್ ತಿಳಿಯಾಗುತ್ತದೆ. ಹಲಗೆಯ ಅಡ್ಡ ಕೊಯ್ದ ತುದಿ ಮಾತ್ರ ಇದಕ್ಕೆ ಹೊರತು. ಅಲ್ಲಿ ಮರದ ನಳಿಕೆಗಳು ಬಾಯಿ ತೆರೆದುಕೊಂಡಿದ್ದು ಬಣ್ಣ ಕುಡಿದು ಕಪ್ಪಾಗುತ್ತವೆ. ಅದಕ್ಕೆ ತುದಿಯನ್ನು 320ರ ತನಕ ಉಜ್ಜಿ.

80ರಿಂದ ನೇರ 220ಕ್ಕೆ ಹಾರುವುದು ಸಮಯ ಉಳಿಸುವ ದಾರಿಯಂತೆ ಕಾಣುತ್ತದೆ. 220ಕ್ಕೆ 80ರ ಆಳದ ಗೀರು ಅಳಿಸುವ ತಾಕತ್ತಿಲ್ಲ. ಬರಿಗಣ್ಣಿಗೆ ಆಗ ಏನೂ ಕಾಣುವುದಿಲ್ಲ, ಸ್ಟೇನ್ ಹಚ್ಚಿದ ಕ್ಷಣ ಎಲ್ಲ ಗೀರುಗಳೂ ಕಪ್ಪು ಗೆರೆಗಳಾಗಿ ಎದ್ದು ನಿಲ್ಲುತ್ತವೆ. ಪ್ರತಿ ಸಂಖ್ಯೆಗೂ ಮೊದಲು ಪೆನ್ಸಿಲಿನಿಂದ ಹಲಗೆ ತುಂಬ ಹಗುರವಾಗಿ ಗೀಚಿ. ಗೆರೆಗಳೆಲ್ಲ ಹೋದಾಗ ಆ ಸುತ್ತು ಮುಗಿಯಿತು ಎಂದು ತಿಳಿಯುತ್ತದೆ, ಬಿಟ್ಟುಹೋದ ಜಾಗವೂ ಕಾಣುತ್ತದೆ.

ಕೈಯಿಂದ ಉಜ್ಜುವಾಗ ಸದಾ ಮರದ ಎಳೆಯ ಗುಂಟ, ಅಡ್ಡಡ್ಡ ಎಂದೂ ಬೇಡ. ಕಾಗದವನ್ನು ಬೆರಳಿಗೆ ಸುತ್ತದೆ ಸಮತಟ್ಟಾದ ಮರದ ತುಂಡಿಗೆ ಸುತ್ತಿ ಹಿಡಿಯಿರಿ, ಬೆರಳಿನ ಒತ್ತಡ ಅಲ್ಲಲ್ಲಿ ಹಳ್ಳ ಮಾಡುತ್ತದೆ. ಯಂತ್ರವಾದರೆ ಅದರ ಭಾರವೇ ಸಾಕು. ಒತ್ತಿದರೆ ಸುರುಳಿ ಸುರುಳಿ ಗುರುತು ಬೀಳುತ್ತದೆ. ಸೆಕೆಂಡಿಗೆ ಎರಡು ಮೂರು ಸೆಂ.ಮೀ. ಸಾಗುವಷ್ಟು ನಿಧಾನ. ವೆನೀರ್ ಆದರೆ ಯಂತ್ರ ಬದಿಗಿಟ್ಟು ಕೈಯಲ್ಲೇ 150ರಿಂದ ಶುರು ಮಾಡಿ, ಅಂಚು ಮತ್ತು ಮೂಲೆಗಳಲ್ಲಿ ಎರಡು ಮೂರು ಎಳೆತಕ್ಕಿಂತ ಹೆಚ್ಚು ಬೇಡ.

ಕೊನೆಗೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಹಲಗೆಗೆ ತಾಗಿಸಿದಂತೆ ಅಡ್ಡಲಾಗಿ ಹಿಡಿಯಿರಿ. ಓರೆ ಬೆಳಕಿನಲ್ಲಿ ಪ್ರತಿ ಗೀರಿಗೂ ಪ್ರತಿ ಉಬ್ಬಿಗೂ ನೆರಳು ಬೀಳುತ್ತದೆ. ಹಗಲಿನಲ್ಲಿ ಸಪಾಟು ಎನಿಸಿದ್ದ ಫಿಲ್ಲರ್ ತೇಪೆ ಆಗ ದಿಬ್ಬದಂತೆ ಕಾಣುತ್ತದೆ.

ನೀರು ಆಧಾರಿತ ಬಣ್ಣ ಅಥವಾ ವಾರ್ನಿಶ್ ಬಳಸುವವರು ಇನ್ನೊಂದು ಕೆಲಸ ಮಾಡಲೇಬೇಕು. ಉಜ್ಜಿ ಮುಗಿದ ಮರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ನೀರು ಕುಡಿದ ನಾರು ಗಡ್ಡದ ಕೂದಲಿನಂತೆ ಎದ್ದು ನಿಲ್ಲುತ್ತದೆ. ಅದನ್ನು 220ರಿಂದ ಹಗುರಾಗಿ ಸವರಿ ತೆಗೆದರೆ ಮೊದಲ ಪದರದ ಕೆಳಗೆ ಮತ್ತೆ ಏಳುವುದಿಲ್ಲ.

ದೂಳಿಗೆ ಎನ್95 ಮುಖಗವಸು ಸಾಕು. ಥಿನ್ನರ್, ಎಣ್ಣೆ ವಾರ್ನಿಶ್‌ನ ಆವಿಗೆ ಅದು ಏನೂ ಮಾಡದು, ಅಲ್ಲಿ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖವಾಡ ಮತ್ತು ತೆರೆದ ಕಿಟಕಿ ಬೇಕು.

ಪ್ರೈಮರ್, ಬಣ್ಣ

ಬಿಳಿ ಬಣ್ಣ ಬಳಿದ ಎರಡನೇ ದಿನ ಅಲ್ಲಲ್ಲಿ ಚಹಾ ಚೆಲ್ಲಿದಂತೆ ಹಳದಿ ಕಲೆ ಮೂಡುವುದುಂಟು. ಮರದೊಳಗಿನ ಟ್ಯಾನಿನ್ ನೀರಿನಲ್ಲಿ ಕರಗಿ ಮೇಲೆ ಬಂದದ್ದು. ಇನ್ನೆರಡು ಕೋಟ್ ಬಳಿದರೂ ಅದು ಮತ್ತೆ ಬರುತ್ತದೆ. ಗಾಢ ಬಣ್ಣದ ಮರ, ಗಂಟುಗಳಿರುವ ಮರ, ಹಿಂದೆ ಕೆಂಪು ಸ್ಟೇನ್ ಹಚ್ಚಿದ ಸಾಮಾನು ಇವಕ್ಕೆ ಅರಗು ಆಧಾರಿತ ಪ್ರೈಮರ್ ಒಂದೇ ನಂಬಿಕೆಯದು. ಅದು ಅರ್ಧ ಮುಕ್ಕಾಲು ಗಂಟೆಯಲ್ಲಿ ಒಣಗುತ್ತದೆ, ಎಣ್ಣೆ ಬಣ್ಣ ನೀರಿನ ಬಣ್ಣ ಎರಡನ್ನೂ ಮೇಲೆ ಹಿಡಿಸಿಕೊಳ್ಳುತ್ತದೆ. ಬ್ರಷ್ ತೊಳೆಯಲು ಸ್ಪಿರಿಟ್ ಬೇಕು ಎಂಬುದೊಂದೇ ತೊಂದರೆ.

ಲ್ಯಾಮಿನೇಟ್‌ಗೆ ಬೇರೆ ಕ್ರಮ: ಜಿಡ್ಡು ತೆಗೆದು, 220ರಿಂದ ಹೊಳಪು ಸಾಯುವಷ್ಟು ಮಾತ್ರ ಉಜ್ಜಿ, ನುಣುಪು ಮೇಲ್ಮೈಗೆಂದೇ ಇರುವ ಬಾಂಡಿಂಗ್ ಪ್ರೈಮರ್ ಹಚ್ಚಿ. ಇಡೀ ಕಪಾಟಿಗೆ ಹಚ್ಚುವ ಮುಂಚೆ ಒಳಬದಿಯ ಒಂದು ಅಂಗೈಯಗಲ ಜಾಗದಲ್ಲಿ ಹಚ್ಚಿ ದಿನ ಬಿಡಿ. ಬ್ಲೇಡಿನಿಂದ ಚೌಕುಳಿ ಗೀರು ಹಾಕಿ, ಟೇಪ್ ಒತ್ತಿ ಅಂಟಿಸಿ ಸರ್ರನೆ ಎಳೆಯಿರಿ. ಟೇಪಿನ ಜೊತೆ ಚೂರುಗಳು ಬಂದರೆ ಆ ಪ್ರೈಮರ್ ಆ ಲ್ಯಾಮಿನೇಟ್‌ಗೆ ಹೊಂದಿಲ್ಲ, ಅಥವಾ ಜಿಡ್ಡು ಉಳಿದಿದೆ. ಲ್ಯಾಮಿನೇಟ್ ಅಂಚಿನಲ್ಲಿ ಎದ್ದಿದ್ದರೆ ಬಣ್ಣಕ್ಕಿಂತ ಮೊದಲು ಅಂಟಿಸಿ. ನೀರು ಕುಡಿದು ಊದಿಕೊಂಡ ಪಾರ್ಟಿಕಲ್ ಬೋರ್ಡ್ ಮತ್ತೆ ಮೊದಲಿನಂತಾಗುವುದಿಲ್ಲ, ಆ ಹಲಗೆ ಬದಲಿಸಿ.

ಬಣ್ಣದ ಲೆಕ್ಕ ಹೀಗೆ: ಒಂದು ಲೀಟರ್ ಒಂದು ಕೋಟ್‌ಗೆ ಸುಮಾರು 10ರಿಂದ 12 ಚದರ ಮೀಟರ್ ಬರುತ್ತದೆ. 1.2 ಮೀ. ಉದ್ದ, 0.75 ಮೀ. ಅಗಲದ ಮೇಜಿನ ಮೇಲ್ಮೈ 0.9 ಚ.ಮೀ.; ಅಡಿಭಾಗ, ಕಾಲು, ಚೌಕಟ್ಟು ಸೇರಿ 2.5 ಚ.ಮೀ. ಎಂದುಕೊಳ್ಳಿ. ಎರಡು ಕೋಟ್‌ಗೆ ಅರ್ಧ ಲೀಟರ್ ಬಣ್ಣ, ಒಂದು ಕೋಟ್‌ಗೆ ಕಾಲು ಲೀಟರ್ ಪ್ರೈಮರ್.

ಪೀಠೋಪಕರಣಕ್ಕೆ ಗೋಡೆಯ ಎಮಲ್ಶನ್ ಬೇಡ. ಅದು ಒಣಗಿದ ಮೇಲೂ ಮೆತ್ತಗೆ ಉಳಿದು, ಮುಚ್ಚಿದ ಬಾಗಿಲು ಚೌಕಟ್ಟಿಗೆ ಅಂಟಿಕೊಂಡು ತೆರೆಯುವಾಗ ಬಣ್ಣ ಕಿತ್ತು ಬರುತ್ತದೆ. ನೀರು ಆಧಾರಿತ ಎನಾಮಲ್ ಗಟ್ಟಿಯಾಗಿ ಕೂರುತ್ತದೆ. ಚಾಕ್ ಪೇಂಟ್‌ನ ಮಂಕು ಚೆಲುವು ಚೌಕಟ್ಟಿಗೆ, ಪುಟ್ಟ ಕಪಾಟಿಗೆ ಒಪ್ಪುತ್ತದೆ. ಅದರ ಮೇಲಿನ ಮೇಣ ಬಿಸಿಪಾತ್ರೆಗೂ ಎಣ್ಣೆಗೂ ನಿಲ್ಲುವುದಿಲ್ಲವಾದ್ದರಿಂದ ಊಟದ ಮೇಜಿಗೆ ಅದನ್ನು ನಾವು ಹೇಳುವುದಿಲ್ಲ.

ಸಪಾಟು ಜಾಗಕ್ಕೆ 10 ಸೆಂ.ಮೀ. ಫೋಮ್ ರೋಲರ್, ಕೆತ್ತನೆಗೂ ಮೂಲೆಗೂ ಬ್ರಷ್. ನೀರಿನ ಬಣ್ಣಕ್ಕೆ ಕೃತಕ ಎಳೆಯ ಬ್ರಷ್, ಎಣ್ಣೆ ಬಣ್ಣಕ್ಕೆ ಸಹಜ ಕೂದಲಿನದು. ಸಹಜ ಕೂದಲು ನೀರು ಕುಡಿದು ಜೋತು ಬೀಳುತ್ತದೆ. ಬ್ರಷ್‌ನ ಎಳೆಯ ಮೂರನೇ ಒಂದು ಭಾಗ ಮಾತ್ರ ಅದ್ದಿ. ಮೊದಲು ಮೂಲೆ, ಆಮೇಲೆ ಬಯಲು. ಹಿಂದಿನ ಎಳೆತದ ಅಂಚು ಹಸಿ ಇರುವಾಗಲೇ ಮುಂದಿನದು ಅದಕ್ಕೆ ಸೇರಬೇಕು. ಅರ್ಧ ಒಣಗಿದ ಜಾಗದಲ್ಲಿ ಏನೋ ದೋಷ ಕಂಡಿತೆಂದು ಮತ್ತೆ ಬ್ರಷ್ ಆಡಿಸಿದರೆ ಪದರ ಹರಿದು ಗೆರೆ ಏಳುತ್ತದೆ. ಬಿಟ್ಟುಬಿಡಿ, ಒಣಗಿದ ಮೇಲೆ 320ರಿಂದ ಸವರಿ ಎರಡನೇ ಕೋಟ್‌ನಲ್ಲಿ ಸರಿಪಡಿಸಿ. ಬಾಗಿಲುಗಳನ್ನು ಮಲಗಿಸಿ ಬಳಿಯಿರಿ, ನಿಲ್ಲಿಸಿ ಬಳಿದರೆ ಕಣ್ಣೀರಿನಂತೆ ಇಳಿಯುತ್ತದೆ. ದಪ್ಪದ ಒಂದು ಕೋಟ್‌ಗಿಂತ ತೆಳ್ಳನೆಯ ಎರಡು ಕೋಟ್ ಸದಾ ಗಟ್ಟಿ.

ಮರವೇ ಕಾಣಬೇಕೆಂದರೆ

ಒಳ್ಳೆಯ ಎಳೆಯ ಗಟ್ಟಿ ಮರ ಸಿಕ್ಕಿದ್ದರೆ ಅದನ್ನು ಬಣ್ಣದಡಿ ಮುಚ್ಚುವ ಮೊದಲು ಒಮ್ಮೆ ಟರ್ಪೆಂಟೈನ್ ಸವರಿ ನೋಡಿ. ವಾರ್ನಿಶ್ ಆದ ಮೇಲೆ ಮರ ಹೇಗೆ ಕಾಣುತ್ತದೋ ಅದು ಐದು ನಿಮಿಷ ಕಣ್ಣಮುಂದೆ ಇರುತ್ತದೆ, ಆಮೇಲೆ ಆರಿಹೋಗುತ್ತದೆ. ಎಷ್ಟೋ ಮೇಜುಗಳು ಆ ಐದು ನಿಮಿಷದಿಂದ ಬಿಳಿ ಬಣ್ಣದಿಂದ ಪಾರಾಗುತ್ತವೆ.

ಎಣ್ಣೆ ಪಾಲಿಯುರೆಥೇನ್ ಮರಕ್ಕೆ ಜೇನಿನ ಬೆಚ್ಚನೆ ಬಣ್ಣ ಕೊಡುತ್ತದೆ, ಕಾಲ ಕಳೆದಂತೆ ಇನ್ನೂ ಹಳದಿಯಾಗುತ್ತದೆ. ಹಾಗಾಗಿ ಬಿಳಿ ಬಣ್ಣದ ಮೇಲೆ ಅದನ್ನು ಹಚ್ಚಬಾರದು. ಮೊದಲ ಕೋಟ್‌ಗೆ ಹತ್ತನೇ ಒಂದು ಭಾಗ ಟರ್ಪೆಂಟೈನ್ ಬೆರೆಸಿ, ಮುಂದಿನ ಎರಡು ಹಾಗೆಯೇ. ನಡುವೆ 24 ಗಂಟೆ. ನೀರು ಆಧಾರಿತದ್ದು ತಿಳಿಯಾಗಿಯೇ ಉಳಿಯುತ್ತದೆ, ಎರಡರಿಂದ ನಾಲ್ಕು ಗಂಟೆಗೆ ಮುಂದಿನ ಕೋಟ್‌ಗೆ ಸಿದ್ಧ. ಮೂರು ನಾಲ್ಕು ಕೋಟ್ ಬೇಕು. ಪ್ರತಿ ಕೋಟ್ ನಡುವೆ 320ರಿಂದ ಹಗುರವಾಗಿ ಸವರಿ, ಬಿಳಿ ಪುಡಿ ಬಂದರೆ ಒಣಗಿದೆ, ಕಾಗದಕ್ಕೆ ಅಂಟಿ ಉಂಡೆಯಾದರೆ ಇನ್ನೂ ಕಾಯಬೇಕು. ಡಬ್ಬಿಯನ್ನು ಅಲುಗಾಡಿಸಬೇಡಿ, ಗುಳ್ಳೆ ತುಂಬುತ್ತದೆ. ತಳಮುಟ್ಟ ಕೋಲಿನಿಂದ ಕದಡಿ. ಮಂಕು ಹೊಳಪಿನ ವಾರ್ನಿಶ್‌ನಲ್ಲಿ ಹೊಳಪು ತಗ್ಗಿಸುವ ಪುಡಿ ತಳದಲ್ಲಿ ಕೂತಿರುತ್ತದೆ, ಕದಡದಿದ್ದರೆ ಮೊದಲ ಕೋಟ್ ಮಿರಿಮಿರಿ, ಕೊನೆಯದು ಬೂದಿ.

ಹಲಗೆಯ ಅಡಿಭಾಗಕ್ಕೂ ಕನಿಷ್ಠ ಎರಡು ಕೋಟ್ ಹಚ್ಚಿ. ಒಂದೇ ಬದಿ ಮುಚ್ಚಿದರೆ ಇನ್ನೊಂದು ಬದಿ ಗಾಳಿಯ ತೇವವನ್ನು ಬೇಗ ಹೀರಿ ಹಲಗೆ ದೋಣಿಯಂತೆ ಬಾಗಬಹುದು. ಗಟ್ಟಿ ಮರದ ಹಲಗೆ ತೇವಕ್ಕೆ ತಕ್ಕಂತೆ ಅಡ್ಡಗಲದಲ್ಲಿ ಕೆಲವು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಆದ್ದರಿಂದ ಮೇಜಿನ ಹಲಗೆಯನ್ನು ಚೌಕಟ್ಟಿಗೆ ಅಂಟಿಸಬಾರದು. ಉದ್ದನೆಯ ತೂತಿನಲ್ಲಿ ಸ್ಕ್ರೂ ಹಾಕಿ, ಸರಿದಾಡಲು ಜಾಗ ಕೊಡಿ. ಅಂಟಿಸಿದರೆ ಬಿರುಕು ಬಿಡುವುದು ಹಲಗೆಯೇ.

ನಾರಗಸೆ ಎಣ್ಣೆ ಅಥವಾ ಇತರ ಒಣಗುವ ಎಣ್ಣೆ ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ; ಮುದ್ದೆಯೊಳಗಿನ ಬಿಸಿ ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಮನೆಗಳೇ ಸುಟ್ಟುಹೋಗಿರುವುದುಂಟು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ.

ಮರಳಿ ಜೋಡಿಸುವಾಗ

ಹೊಸ ಹಿಡಿ ಕೊಳ್ಳುವ ಮೊದಲು ಹಳೆಯದರ ಎರಡು ಸ್ಕ್ರೂಗಳ ನಡುಗೇಂದ್ರದ ಅಂತರ ಅಳೆಯಿರಿ. 96 ಮತ್ತು 128 ಮಿ.ಮೀ. ಹೆಚ್ಚು ಬಳಕೆಯ ಅಳತೆಗಳು. ಬೇರೆ ಅಳತೆಯದೇ ಇಷ್ಟವಾದರೆ ಹಳೆಯ ತೂತು ತುಂಬುವ ಕೆಲಸ ಪ್ರೈಮರ್‌ಗೂ ಮೊದಲೇ ಆಗಿರಬೇಕು. ಬಿಗಿಯಾಗಿ ಓಡುವ ಡ್ರಾಯರ್‌ಗೆ ಎಣ್ಣೆ ಬಿಡಬೇಡಿ, ಮರ ಊದಿಕೊಂಡು ಇನ್ನಷ್ಟು ಹಿಡಿಯುತ್ತದೆ. ಉಜ್ಜುವ ಅಂಚಿಗೆ ಮೇಣದ ಬತ್ತಿ ಉಜ್ಜಿ. ಡ್ರಾಯರ್‌ನ ಬದಿಗಳಿಗೂ ಅದು ಜಾರುವ ಪಟ್ಟಿಗಳಿಗೂ ಬಣ್ಣ ಹಚ್ಚದಿರುವುದೇ ಒಳ್ಳೆಯದು.

ಕುರ್ಚಿಯ ಮೆತ್ತೆಗೆ 50 ಮಿ.ಮೀ. ದಪ್ಪದ, ಘನ ಮೀಟರಿಗೆ 32ರಿಂದ 40 ಕೆ.ಜಿ. ಸಾಂದ್ರತೆಯ ಫೋಮ್ ತನ್ನಿ. ಅದಕ್ಕಿಂತ ಹಗುರದ್ದು ಬೇಗ ಚಪ್ಪಟೆಯಾಗುತ್ತದೆ. ಬಟ್ಟೆ ನಾಲ್ಕೂ ಕಡೆ 10 ಸೆಂ.ಮೀ. ಹೆಚ್ಚಿಗೆ ಇರಲಿ. ಪ್ರತಿ ಬದಿಯ ನಡುವೆ ಒಂದೊಂದು ಪಿನ್ ಹೊಡೆದು, ಎದುರುಬದುರು ಎಳೆಯುತ್ತ ಮೂಲೆಯತ್ತ ಸಾಗಿ. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬಟ್ಟೆಯ ಗೆರೆ ಓರೆಯಾಗುತ್ತದೆ.

ಎತ್ತರದ ಕಪಾಟಿಗೆ ಎಷ್ಟೇ ಚೆನ್ನಾಗಿ ಬಣ್ಣ ಬಳಿದಿದ್ದರೂ ಗೋಡೆಗೆ ಬಿಗಿಯದೆ ನಿಲ್ಲಿಸಬೇಡಿ. ಮಕ್ಕಳು ಡ್ರಾಯರ್‌ಗಳನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಕಪಾಟು ಮೇಲೆ ಬೀಳುತ್ತದೆ. ಮೇಲ್ತುದಿಯಲ್ಲಿ ಎರಡು ಎಲ್ ಆಕಾರದ ಪಟ್ಟಿ ಹಾಕಿ. ಇಟ್ಟಿಗೆ ಗೋಡೆಗೆ 8 ಮಿ.ಮೀ. ಪ್ಲಗ್ ಆದರೆ 8 ಮಿ.ಮೀ. ಮೇಸನ್ರಿ ಬಿಟ್, ಆಳ ಪ್ಲಗ್‌ನ ಉದ್ದಕ್ಕಿಂತ 10 ಮಿ.ಮೀ. ಹೆಚ್ಚು. ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ತೂತಿನ ಪುಡಿಯನ್ನು ತೆಗೆದು ಹಾಕಿದ ಮೇಲೆ ಪ್ಲಗ್ ಕೂರಿಸಿ, ಪುಡಿ ಉಳಿದರೆ ಪ್ಲಗ್ ಪೂರ್ತಿ ಒಳಗೆ ಹೋಗದೆ ಅರ್ಧಕ್ಕೆ ನಿಲ್ಲುತ್ತದೆ. ಸ್ವಿಚ್, ಪ್ಲಗ್ ಪಾಯಿಂಟ್‌ಗಳ ನೇರ ಮೇಲೆ, ನೇರ ಕೆಳಗೆ, ಅದೇ ಮಟ್ಟದ ಅಡ್ಡ ಸಾಲಿನಲ್ಲಿ ಕೊರೆಯಬೇಡಿ. ತಂತಿ ಹಾದುಹೋಗುವುದು ಆ ದಾರಿಯಲ್ಲೇ.

ಮುಟ್ಟಿದರೆ ಒಣಗಿದಂತಿರುವ ಬಣ್ಣ ಒಳಗೆ ಇನ್ನೂ ಗಟ್ಟಿಯಾಗುತ್ತಿರುತ್ತದೆ, ನೀರು ಆಧಾರಿತ ಎನಾಮಲ್‌ಗೂ ವಾರ್ನಿಶ್‌ಗೂ ಅದಕ್ಕೆ ಮೂರರಿಂದ ನಾಲ್ಕು ವಾರ ಬೇಕು. ಎರಡನೇ ದಿನದಿಂದ ಮೇಜನ್ನು ಬಳಸಬಹುದು. ಆದರೆ ಆ ತಿಂಗಳು ಮೇಜುಬಟ್ಟೆ ಹಾಸಬೇಡಿ, ಬಿಸಿಪಾತ್ರೆ ಇಡಬೇಡಿ, ಸೋಪು ನೀರಿನಲ್ಲಿ ಉಜ್ಜಬೇಡಿ, ಹೂದಾನಿಯಂಥ ಭಾರದ ವಸ್ತುವನ್ನು ಒಂದೇ ಜಾಗದಲ್ಲಿ ರಾತ್ರಿಯಿಡೀ ಬಿಡಬೇಡಿ. ಬಿಟ್ಟರೆ ಬೆಳಗ್ಗೆ ಎತ್ತುವಾಗ ಅದರ ತಳಕ್ಕೆ ಬಣ್ಣ ಅಂಟಿಕೊಂಡು ಬರುತ್ತದೆ.